ಏಳೊಂಬತ್ಲೆ ಅರವತ್ಮೂರು

ಕೇಳುಗರೆ, ನಮಸ್ಕಾರ.

ಹುಡುಗನಾಗಿದ್ದಾಗ ನಾನು ಬರೆದ ಮೊದಲ ಪ್ರೋಗ್ರಾಂ ಏಳರ ಮಗ್ಗಿ ಹೇಳಬೇಕಿತ್ತು. ಏಳೊಂದ್ಲೆ ಏಳರಿಂದ ಚೆನ್ನಾಗಿಯೇ ಹೊರಟು, ಏಳೊಂಬತ್ಲೆ ಅರವತ್ಮೂರಕ್ಕೆ ಬಂದು ನಿಂತುಬಿಟ್ಟಿತು. ಎಪ್ಪತ್ತರ ಸುಳಿವೇ ಇಲ್ಲ! ಕಂಪ್ಯೂಟರೇ ಕೆಟ್ಟಿದೆ ಅಂತ ಅರ್ಧ ದಿನ ಅದರ ಮೇಲೆ ಮುನಿಸಿಕೊಂಡೆ. ಕೊನೆಗೆ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಾಗ ಸಿಕ್ಕಿತು: ಹತ್ತೂ ಸೇರಿ ಎನ್ನಬೇಕಾದ ಕಡೆ 'ಹತ್ತಕ್ಕಿಂತ ಕಡಿಮೆ ಇರುವ ತನಕ' ಎಂದು ಬರೆದಿದ್ದೆ. 'ಕಡಿಮೆ' ಚಿಹ್ನೆಯ ಪಕ್ಕ ಒಂದು ಸಮಚಿಹ್ನೆ ಬಿಟ್ಟುಹೋಗಿತ್ತು, ಅಷ್ಟೆ.

ಚಿಕ್ಕಂದಿನಲ್ಲೇ ಪ್ರೋಗ್ರಾಮಿಂಗ್ ಕಲಿಯುವುದರ ಲಾಭ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಆ ಅರ್ಧ ದಿನದ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅಂಥ ಬಿಡುವು ಯಾರು ಕೊಡುತ್ತಾರೆ?

ಫಿನ್ಲೆಂಡಿನ ಪ್ರೋಗ್ರಾಮರ್ ಲಿನಸ್ ಟೊರ್ವಾಲ್ಡ್ಸ್ ಹನ್ನೊಂದರ ಆಸುಪಾಸಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಅಜ್ಜನ ಕಮೊಡೋರ್ ವಿಕ್-20 ಕಂಪ್ಯೂಟರಿನ ಮೇಲೆ. 1991ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಶುರು ಮಾಡಿದರು. 2005ರಲ್ಲಿ, ಪ್ರೋಗ್ರಾಂಗಳಲ್ಲಾಗುವ ಬದಲಾವಣೆಗಳ ಲೆಕ್ಕವಿಡುವ ಗಿಟ್ ಬರೆದರು. ಬೇಸಿಕ್ ಅಲ್ಲಿಗೇ ಉಳಿಯಿತು, ಯಂತ್ರವನ್ನು ಬಿಚ್ಚಿ ನೋಡುವ ಚಾಳಿ ಮಾತ್ರ ಬಿಡಲಿಲ್ಲ. ಹಾಗಂತ ಇಪ್ಪತ್ತೈದಕ್ಕೆ ಕಲಿತವರು ಹಿಂದೆ ಬಿದ್ದರು ಎಂದಲ್ಲ. ನಾನು ಕಂಡ ಒಳ್ಳೆಯ ಪ್ರೋಗ್ರಾಮರ್‌ಗಳಲ್ಲಿ ಹಲವರು ತಡವಾಗಿ ಬಂದವರೇ.

"ಯಾವ ಭಾಷೆ ಕಲಿಸೋಣ?" ಎಂದು ಪೋಷಕರು ಕೇಳುತ್ತಾರೆ. ಚಿಕ್ಕವರಿಗೆ ಸ್ಕ್ರಾಚ್, ಆಮೇಲೆ ಪೈಥಾನ್. ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವೆಬ್ ಪುಟಗಳಲ್ಲಿ ಆಟ, ಅನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್ ಒಂದನ್ನೇ ನಂಬಿದ್ದವರ ಕಾಲಡಿಯ ನೆಲ 2020ರ ಕೊನೆಗೆ ಪೂರ್ತಿ ಜಾರಿತು. 1970ರ ದಶಕದ ಸಿ ಭಾಷೆ ಮತ್ತು ಡೇಟಾಬೇಸ್ ಎಂಬ ಮಾಹಿತಿ ಕಣಜದಿಂದ ಬೇಕಾದ್ದನ್ನು ಹೆಕ್ಕುವ ಎಸ್‌ಕ್ಯೂಎಲ್ ಇವತ್ತಿಗೂ ಅನ್ನ ಹಾಕುತ್ತಿವೆ. ಯಾವುದು ಉಳಿಯುತ್ತದೆಂದು ಮೊದಲೇ ಹೇಳುವುದು ಕಷ್ಟ. ಅದರ ಬದಲು ಮಕ್ಕಳಿಂದ ಬೇರೆಯವರ ಕೋಡ್, ಅಂದರೆ ಅವರು ಬರೆದ ಪ್ರೋಗ್ರಾಂ, ಓದಿಸಿ. ಈ ವೃತ್ತಿಯಲ್ಲಿ ಬರೆಯುವುದಕ್ಕಿಂತ ಓದುವುದೇ ಜಾಸ್ತಿ, ಅದೂ ಯಾರೋ ಬರೆದು ಬಿಟ್ಟುಹೋದದ್ದನ್ನು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ನಿಮಿಷಕ್ಕೆ ನೂರಾರು ಸಾಲು ಸುರಿಯುತ್ತವೆ. ಎಪ್ಪತ್ತು ಬಂದಿಲ್ಲವೆಂದು ಗಮನಿಸುವ ಕಣ್ಣು ಇನ್ನಷ್ಟು ಬೇಕಾಗಿದೆ.

ಹೋದ ವಾರ ಒಂದು ಮಾಸಿಕ ವರದಿ ಕೈಗೆ ಬಂತು. ತಿಂಗಳ ಕೊನೆಯ ದಿನದ ಲೆಕ್ಕವೇ ಅದರಲ್ಲಿಲ್ಲ. 31ರವರೆಗೆ ಎಂದು ಬರೆದಿದ್ದನ್ನು ಡೇಟಾಬೇಸ್ 31ನೇ ತಾರೀಕು ಹುಟ್ಟುವ ನಡುರಾತ್ರಿಗೇ ಮುಗಿಸಿತ್ತು. ಅವತ್ತಿನ ಹಗಲು ಪೂರ್ತಿ ಹೊರಗೆ. ಬೈಯುತ್ತಾ ಬರೆದವರ ಹೆಸರು ಹುಡುಕಿದೆ. ನಾನೇ! ಸರಿಪಡಿಸಿದ್ದೇನೆ. ಫೆಬ್ರವರಿ 29 ಹಾಕಿ ನೋಡುವುದೊಂದು ಬಾಕಿಯಿದೆ.

ನಮಸ್ಕಾರ.