ಅವ್ವನ ದವಡೆ ಎಷ್ಟು ಅಗಲ?

ನಮಸ್ಕಾರ ಎಲ್ಲರಿಗೂ. ಇವತ್ತು ಬಾಗಲಕೋಟೆಯ ನವನಗರಕ್ಕೆ ಬಂದಿದ್ದೇವೆ, ಅವ್ವನ ಸ್ಕ್ಯಾನ್ ಮಾಡಿಸೋಕೆ. ಕೆಳಗಿನ ಎಡ ದವಡೆ ಹಲ್ಲು ಕೀಳಿಸಿ ವರ್ಷಗಳಾದವು. ಅಲ್ಲಿಂದ ಕಟಕ ರೊಟ್ಟಿ ಏನಿದ್ದರೂ ಬಲಗಡೆಗೇ. ಈಗ ಇಂಪ್ಲಾಂಟ್ ಹಾಕಿಸಬೇಕು, ಅಂದರೆ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕೃತಕ ಹಲ್ಲು.

"ಓಪಿಜಿ ತೆಗೆಸೇವಲ್ಲ, ಮತ್ತ್ಯಾಕ ಇದು?" ಅಂತ ಅವ್ವ. ನ್ಯಾಯವಾದ ಪ್ರಶ್ನೆ ಅಲ್ವಾ? ಓಪಿಜಿ ಅಂದ್ರೆ ಇಡೀ ದವಡೆಯ ಎಕ್ಸ್‌ರೇ, ಎದುರಿಗೆ ನಿಂತು ಗೋಡೆಯ ಫೋಟೋ ಹೊಡೆದ ಹಾಗೆ. ಉದ್ದ, ಎತ್ತರ ಕಾಣುತ್ತದೆ. ಗೋಡೆ ಒಂಬತ್ತಿಂಚಿನದೋ ನಾಲ್ಕೂವರೆಯದೋ, ತಿಳಿಯುವುದಿಲ್ಲ. ಇಂಪ್ಲಾಂಟ್‌ಗೆ ಬೇಕಾಗಿರೋದು ಆ ದಪ್ಪವೇ. 4 ಮಿಮೀ ಸ್ಕ್ರೂ ಕೂರಬೇಕಾದರೆ ಕೆನ್ನೆ ಕಡೆ, ನಾಲಿಗೆ ಕಡೆ ಕನಿಷ್ಠ 1 ಮಿಮೀ ಎಲುಬು ಉಳಿಯಬೇಕು. ಅಂದರೆ 6 ಮಿಮೀ. ಹಲ್ಲು ಹೋದ ಜಾಗದ ಎಲುಬು ಮಾತ್ರ ಸುಮ್ನೆ ಕೂರುವುದಿಲ್ಲ, ಕರಗುತ್ತದೆ. ಅದೂ ಕೆನ್ನೆ ಕಡೆಯೇ ಜಾಸ್ತಿ. ಬೆರಳಿಟ್ಟು ನೋಡಿದರೆ ದಪ್ಪ ಅನ್ನಿಸಬಹುದು, ಅದು ಬರೀ ವಸಡು ಇರಬಹುದು.

ದಪ್ಪವನ್ನೂ ತೋರಿಸುವ 3ಡಿ ಸ್ಕ್ಯಾನ್‌ಗೆ ಸಿಬಿಸಿಟಿ ಅಂತಾರೆ. ಆ ಕೋಣೆಯ ಹೊರಗೆ ದೊಡ್ಡ ಪಂಚಾಯಿತಿ ನಡೆದದ್ದು ಮೂಗುತಿಗೆ. ಲೋಹ ಇದ್ದರೆ ಚಿತ್ರದಲ್ಲಿ ಗೆರೆ ಬೀಳುತ್ತವಂತೆ. ಬೆಂಡೋಲೆ ಬೇಗ ಬಂತು. ಮೂಗುತಿ ತಿರುಪು ಬಿಗಿಯಾಗಿ ಕೂತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯಬೇಕಾಯಿತು. ಸ್ಕ್ಯಾನ್ ಮುಗಿಯೋಕೆ ಅದರಷ್ಟು ಹೊತ್ತೂ ಬೇಕಾಗಲಿಲ್ಲ. ಕಡ್ಡಿ ಕಚ್ಚಿ ಅಲುಗಾಡದೆ ನಿಂತರು, ಯಂತ್ರ ತಲೆ ಸುತ್ತ ತಿರುಗಿತು, ಆಯಿತು.

ನೋಡಿ, ಸ್ಕ್ರೀನ್ ಮೇಲೆ ದವಡೆಯನ್ನು ಬ್ರೆಡ್ಡಿನ ಹಾಗೆ ಅಡ್ಡ ಕೊಯ್ದು ತೋರಿಸುತ್ತಿದ್ದಾರೆ. ಅಂಚು ಬಿಳಿ, ಒಳಗೆ ಬೂದು ಜಾಳಿಗೆ, ಕೆಳಗೆ ಕಪ್ಪು ಗುಂಡು ತೂತು. ಅದೇ ನರದ ಕಾಲುವೆ. ಎಲುಬಿನ ಮೇಲ್ತುದಿಯಲ್ಲಿ ಅಗಲ 4.3 ಮಿಮೀ ಬಂದಾಗ ಅವ್ವನ ಮುಖ ಸಣ್ಣದಾಯಿತು. ಡಾಕ್ಟರ್ ಕರ್ಸರ್ 3 ಮಿಮೀ ಕೆಳಗೆ ಎಳೆದರು. ಅಲ್ಲಿ 6.8! ತುದಿಯಿಂದ ನರದವರೆಗೆ 15 ಇದೆ. ಚೂಪು ತುದಿ ಸವರಿದರೂ 12 ಉಳಿಯುತ್ತದೆ. 8.5 ಮಿಮೀ ಉದ್ದದ ಇಂಪ್ಲಾಂಟ್ ಹಾಕಿ, ನರದಿಂದ 2 ಮಿಮೀ ದೂರ ಕಾಯ್ದುಕೊಳ್ಳೋಕೆ ಅದು ಸಾಕು. ಎತ್ತರ ಕಡಿಮೆ ಇದ್ದಿದ್ದರೆ ಎಲುಬು ಕಸಿ ಮಾಡಿ ತಿಂಗಳುಗಟ್ಟಲೆ ಕಾಯಬೇಕಿತ್ತು.

ಇನ್ನೊಂದು ಮಾತು. ನಾಲಿಗೆ ಕಡೆ ದವಡೆ ಒಳಕ್ಕೆ ತಗ್ಗಾಗಿರುತ್ತದೆ. ಡ್ರಿಲ್ ಅಲ್ಲಿ ಹೊರಗೆ ತೂರಿದರೆ ರಕ್ತಸ್ರಾವದ ಅಪಾಯ. ಅದಕ್ಕೇ ಡಾಕ್ಟರ್ ಓರೆಯಾಗಿ ಗೆರೆ ಎಳೆದು ನೋಡುತ್ತಿರೋದು.

ಹೊರಡುವಾಗ ಪ್ರಿಂಟ್ ಕೈಗೆ ಕೊಟ್ಟರು. ನಾನು ಸ್ಕ್ಯಾನ್‌ನ ಮೂಲ ಫೈಲು, ಅಂದರೆ ಡೈಕಾಮ್ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಬೇರೆ ಡಾಕ್ಟರಿಗೆ ತೋರಿಸಿದರೂ ಅವರೇ ಕೊಯ್ದು ಅಳೆದುಕೊಳ್ಳಬಹುದು.