ನೂರಕ್ಕೆ ಎರಡು ರೂಪಾಯಿ ಬಡ್ಡಿ

ಕೇಳುಗರಿಗೆ ನಮಸ್ಕಾರ.

ನಾಲ್ಕು ತಿಂಗಳ ಹಿಂದೆ ಮಗಳಿಗೊಂದು ಮೊಬೈಲ್ ತರೋಣ ಅಂತ ಅಂಗಡಿಗೆ ಹೋಗಿದ್ದೆವು. ಬೆಲೆ 30,000 ರೂಪಾಯಿ. 'ಆರು ಕಂತು ಸರ್, ತಿಂಗಳಿಗೆ ಬರೀ 5,000, ಬಡ್ಡಿ ಸೊನ್ನೆ' ಅಂದ ಅಂಗಡಿಯ ಹುಡುಗ. ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಪ್ಪಾ ಅಂತ ಸುಮ್ನೆ ಕೇಳಿದೆ. ಒಳಗೆ ಹೋಗಿ ಮಾತಾಡಿ ಬಂದು, 28,000ಕ್ಕೆ ಕೊಡ್ತೀವಿ ಅಂದ.

ಇಲ್ಲೇ ಒಂದು ನಿಮಿಷ ನಿಲ್ಲೋಣ. ಹಾಗಾದರೆ ಫೋನಿನ ಬೆಲೆ 28,000. ಕಂತಿನಲ್ಲಿ ಕೊಂಡರೆ ಕಟ್ಟುವುದು 30,000. ಎರಡು ಸಾವಿರ ತಾನೇ, ದೊಡ್ಡದೇನಲ್ಲ ಅನ್ನಿಸುತ್ತದೆ. ಆದರೆ ಆ 28,000 ಆರು ತಿಂಗಳೂ ನಮ್ಮ ಹತ್ತಿರ ಇರುವುದಿಲ್ಲ, ಮೊದಲ ತಿಂಗಳೇ 5,000 ವಾಪಸ್ ಹೋಗುತ್ತದೆ, ಮುಂದಿನ ತಿಂಗಳು ಇನ್ನೊಂದು 5,000, ಹೀಗೆ ಸಾಲ ಕರಗುತ್ತಾ ಬರುತ್ತದೆ. ಉಳಿದ ಸಾಲದ ಮೇಲೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಬೀಳುತ್ತದೆ! ಊರಲ್ಲಿ ಕೈಸಾಲ ತಂದವರು ಹೇಳುವ ದರವೇ ಅಲ್ವಾ ಇದು? ಅದರ ಮೇಲೆ ಪ್ರೊಸೆಸಿಂಗ್ ಫೀ ಬೇರೆ. ಕ್ರೆಡಿಟ್ ಕಾರ್ಡ್ ಕಂತಾದರೆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಖಡಾಖಂಡಿತವಾಗಿ ಹೇಳಿತ್ತು. ಹೆಸರು ಬದಲಾಯಿತು, ಬಡ್ಡಿ ಉಳಿಯಿತು.

ನಮ್ಮಮ್ಮ ಬೀದಿಯ ಹೆಂಗಸರ ಜೊತೆ ಚೀಟಿ ಹಾಕುತ್ತಿದ್ದರು. 20 ಜನ, ತಿಂಗಳಿಗೆ 500. ಐದನೇ ತಾರೀಕು ಸಂಜೆ ಜಗಲಿ ಮೇಲೆ ಕೂಗು. ರಟ್ಟು ಹರಿದ ಒಂದು ನೋಟ್‌ಬುಕ್ಕಲ್ಲಿ ಹೆಸರಿನ ಮುಂದೆ ಕೆಂಪು ಪೆನ್ನಿನ ಗುರುತು. ಅವಸರ ಇದ್ದವರು ಕಡಿಮೆಗೆ ಕೂಗಿ ಎತ್ತಿಕೊಳ್ಳುತ್ತಿದ್ದರು, ಅವರು ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ. ಅಮ್ಮ ಮಾತ್ರ ಕೊನೆಯ ಚೀಟಿಗೇ ಕಾಯುತ್ತಿದ್ದರು. ನಮ್ಮ ಮನೆಯ ಮೊದಲ ಫ್ರಿಜ್ ಬಂದದ್ದು ಹಾಗೆ. ಚೀಟಿಯಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟು ಹೋದ ಕಥೆ ಎಲ್ಲ ಊರಲ್ಲೂ ಇದೆ. ಹಾಕಲೇಬೇಕು ಅಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಮೊದಲು ಕೇಳಿ.

ಆದರೆ ಅಮ್ಮನ ಕ್ರಮ ನೋಡಿ. ಮೊದಲು ಕೂಡಿಡುವುದು, ಆಮೇಲೆ ಕೊಳ್ಳುವುದು. ಈಗ ಸಂಬಳ ಬಿದ್ದ ವಾರದಲ್ಲೇ ಕಂತುಗಳು ಅಕೌಂಟಿಂದ ತಾವೇ ಹೋಗುತ್ತವೆ, ಉಳಿದದ್ದರಲ್ಲಿ ಫೋನ್ ಸ್ಕ್ಯಾನ್ ಮಾಡಿ ಮಾಡಿ ಊಟ, ಬಟ್ಟೆ, ಸಿನಿಮಾ, ಕೊನೆಗೆ ಏನಾದರೂ ಮಿಕ್ಕಿದರೆ ಅದೇ ಉಳಿತಾಯ. ಮಿಕ್ಕುವುದಿಲ್ಲ. ಆಗ ಒಂದೇ ಸಲ ದುಡ್ಡು ಮಾಡಿಬಿಡೋಣ ಅನ್ನುವ ಆಸೆ ಹುಟ್ಟುತ್ತದೆ. ಆಫೀಸಿನ ಊಟದ ಹೊತ್ತಲ್ಲಿ ಹುಡುಗರು ಆಪ್ಷನ್ಸ್ ಬಗ್ಗೆ, ಅಂದರೆ ಷೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಪಂದ್ಯ ಕಟ್ಟಿದಂಥ ವ್ಯವಹಾರದ ಬಗ್ಗೆ ಮಾತಾಡುವುದು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಷೇರು ಮಾರ್ಕೆಟ್ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರಲ್ಲಿ ಮೂರು ವರ್ಷದ ಲೆಕ್ಕ ಬಿಡಿಸಿಟ್ಟಿದೆ: ಫ್ಯೂಚರ್ಸ್ ಅನ್ನುವ ಇಂಥದೇ ವ್ಯವಹಾರ ಮತ್ತು ಆಪ್ಷನ್ಸ್‌ನಲ್ಲಿ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಅದು ಯಾರದೋ ಮದುವೆಯ ದುಡ್ಡು, ಯಾರದೋ ಅಪ್ಪನ ಆಸ್ಪತ್ರೆಯ ದುಡ್ಡು.

ದುಡ್ಡು ತಾನಾಗೇ ಕಡಿದುಕೊಂಡು ಹೋಗುವ ಅದೇ ಏರ್ಪಾಡನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಬ್ಯಾಂಕಿಗೆ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಇರಲಿ, ಮ್ಯೂಚುವಲ್ ಫಂಡಿಗೆ ಹಾಗೇ ಕಟ್ಟುವ ಎಸ್‌ಐಪಿ ಇರಲಿ, ತಾರೀಕು ಸಂಬಳದ ಮರುದಿನಕ್ಕೆ ಇಡಿ. 500 ರೂಪಾಯಿಂದಲೇ ಶುರು ಮಾಡಬಹುದು. ಒಂದೆರಡು ವರ್ಷದಲ್ಲಿ ಬೇಕಾಗುವ ದುಡ್ಡನ್ನು ಮಾತ್ರ ಷೇರಿಗೆ ಹಾಕಬೇಡಿ, ಬೇಕಾದ ದಿನವೇ ಮಾರ್ಕೆಟ್ ಬಿದ್ದಿದ್ದರೆ ಏನು ಮಾಡುತ್ತೀರಿ?

ಅವತ್ತು ನಾವು ಫೋನ್ ತರಲಿಲ್ಲ. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳೇ ಒಂದು ನೋಟ್‌ಬುಕ್ ಮಾಡಿದಳು, ಅಜ್ಜಿಯ ಥರ ಕೆಂಪು ಪೆನ್ನು. ತಿಂಗಳಿಗೆ 4,000 ತೆಗೆದಿಡುತ್ತಿದ್ದೇವೆ. 16,000 ಸೇರಿದೆ, ಇನ್ನು ಮೂರು ಗುರುತು ಬಾಕಿ.