‘ಓನ್ಲಿ’ ಎಲ್ಲಿ ಬೇಕು, ಎಲ್ಲಿ ಬೇಡ? ನಮ್ಮ ‘ಏ’ ತಂದಿಡುವ ಗೊಂದಲ

(ಪರದೆಯ ಮೇಲೆ: ಐ ಸೆಂಟ್ ಇಟ್ ಯೆಸ್ಟರ್ಡೇ ಓನ್ಲಿ)

ಈ ವಾಕ್ಯವನ್ನ ಒಂದ್ಸಲ ಓದಿ. ಏನು ಅರ್ಥ ಆಯ್ತು? ‘ನಿನ್ನೆನೇ ಕಳಿಸಿದೀನಿ’ ಅಂತ ತಾನೇ? ತಡ ಮಾಡಿಲ್ಲ, ನನ್ನ ಕೆಲಸ ನಾನು ಮುಗಿಸಿದೀನಿ ಅಂತ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ವಾಕ್ಯವನ್ನ ನಾನು ಇಂಗ್ಲೆಂಡಿನಲ್ಲಿದ್ದ ಒಬ್ಬರಿಗೆ ಮೇಲ್‌ನಲ್ಲಿ ಬರೆದೆ. ‘ಇಷ್ಟು ತಡ ಯಾಕಾಯ್ತು?’ ಅಂತ ಉತ್ತರ ಬಂತು. ಎರಡು ದಿನ ಬೇಜಾರಲ್ಲಿದ್ದೆ. ಆಮೇಲೆ ತಿಳೀತು, ಅವರು ಓದಿಕೊಂಡಿದ್ದು ‘ನಿನ್ನೆಯಷ್ಟೇ ಕಳಿಸಿದೆ’ ಅಂತ. ನಿನ್ನೆನೇ, ನಿನ್ನೆಯಷ್ಟೇ. ದಿನ ಒಂದೇ, ಆದರೆ ಒಂದು ಮಾತು ‘ಬೇಗ ಮಾಡಿದೆ’ ಅನ್ನುತ್ತೆ, ಇನ್ನೊಂದು ‘ತಡವಾಗಿ ಮಾಡಿದೆ’ ಅನ್ನುತ್ತೆ.

ಇಂಗ್ಲಿಷ್ ಕಲಿಯುವವರಿಗೆ ಈ ಒಂದು ಪದವನ್ನ ನಿಧಾನವಾಗಿ ಬಿಡಿಸಿ ಹೇಳಬೇಕು ಅಂತ ನನಗೆ ಅವತ್ತಿನಿಂದ ಆಸೆ.

(ಪರದೆಯ ಮೇಲೆ: ಏ)

ಗೊಂದಲದ ಬೇರು ಇಲ್ಲಿದೆ. ಶಾಲೆಯ ವ್ಯಾಕರಣದಲ್ಲಿ ‘ಅವಧಾರಣಾರ್ಥಕ ಅವ್ಯಯ’ ಅಂತ ಓದಿರ್ತೀರಿ. ಅವನೇ, ಇಲ್ಲೇ, ಇವತ್ತೇ, ಮನೆಯಲ್ಲೇ. ಒಂದೇ ಒಂದು ಸ್ವರ, ಯಾವ ಪದದ ಬಾಲಕ್ಕೆ ಬೇಕಾದರೂ ಅಂಟಿಕೊಂಡು ಅದಕ್ಕೆ ಒತ್ತು ಕೊಡುತ್ತೆ. ಎಷ್ಟು ಚಂದದ ಸೌಲಭ್ಯ! ಇಂಗ್ಲಿಷಿನಲ್ಲಿ ಇಂಥ ಬಾಲ ಇಲ್ಲ. ಆ ಜಾಗ ಖಾಲಿ ಬಿಡೋಕೆ ಮನಸ್ಸು ಬರದೆ ನಾವು ಅಲ್ಲಿ ‘ಓನ್ಲಿ’ ಕೂರಿಸ್ತೀವಿ. ‘ಇಲ್ಲೇ ಇದ್ದೀನಿ’ ಅನ್ನೋದು ‘ಐ ಆಮ್ ಹಿಯರ್ ಓನ್ಲಿ’ ಆಗುತ್ತೆ. ಹಿಂದಿಯ ‘ಹೀ’, ತಮಿಳಿನ ‘ದಾನ್’ ಕೂಡ ಇದೇ ಕೆಲಸ ಮಾಡುವುದರಿಂದ ಈ ‘ಓನ್ಲಿ’ ನಮ್ಮ ದೇಶದ ಉದ್ದಗಲಕ್ಕೂ ಕಿವಿಗೆ ಬೀಳುತ್ತೆ. ಭಾಷಾವಿಜ್ಞಾನಿಗಳು ಇದನ್ನ ಭಾರತೀಯ ಇಂಗ್ಲಿಷಿನ ಒಂದು ಲಕ್ಷಣ ಅಂತಲೇ ಗುರುತಿಸಿದ್ದಾರೆ. ಹಾಗಾಗಿ ನಮ್ಮನಮ್ಮಲ್ಲಿ ಮಾತಾಡುವಾಗ ಇದಕ್ಕೆ ನಾಚಿಕೊಳ್ಳಬೇಕಿಲ್ಲ. ಸಂದರ್ಶನದಲ್ಲಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ, ಹೊರದೇಶದವರಿಗೆ ಬರೆಯುವ ಮೇಲ್‌ನಲ್ಲಿ ಮಾತ್ರ ಎಚ್ಚರ ಬೇಕು.

ಯಾಕೆಂದರೆ ಇಂಗ್ಲಿಷಿನ ‘ಓನ್ಲಿ’ ಒತ್ತು ಕೊಡುವ ಪದ ಅಲ್ಲ, ಉಳಿದದ್ದನ್ನ ಹೊರಗಿಡುವ ಪದ. ‘ಒಂದು’ ಅನ್ನುವ ಅರ್ಥದ ‘ವನ್’ ಪದಕ್ಕೆ ‘ಲಿ’ ಸೇರಿ ಹುಟ್ಟಿದ್ದು ಅದು. ಕಾಲ ಕಳೆದಂತೆ ‘ವನ್’ ಉಚ್ಚಾರಣೆ ಬದಲಾಯಿತು. ಆದರೆ ‘ಓನ್ಲಿ’, ‘ಅಲೋನ್’ ಥರದ ಪದಗಳು ಹಳೆಯ ‘ಓ’ಕಾರವನ್ನ ಇಟ್ಟುಕೊಂಡಿವೆ. ಇದೊಂದೇ, ಬೇರೆ ಯಾವುದೂ ಇಲ್ಲ ಅನ್ನುವುದು ಅದರ ಹುಟ್ಟುಗುಣ.

ಈಗ ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಕನ್ನಡ ವಾಕ್ಯದಲ್ಲಿ ‘ಏ’ ತೆಗೆದು ಅಲ್ಲಿ ‘ಮಾತ್ರ’ ಅಥವಾ ‘ಅಷ್ಟೇ’ ಇಟ್ಟು ನೋಡಿ. ನೀವು ಹೇಳಬೇಕಾದ ಅರ್ಥ ಹಾಗೇ ಉಳಿದರೆ ‘ಓನ್ಲಿ’ ಹಾಕಿ. ಕೆಟ್ಟರೆ ಬಿಟ್ಟುಬಿಡಿ.

‘ನಾನು ಇಲ್ಲೇ ಇದ್ದೀನಿ.’ ನಾನು ಇಲ್ಲಿ ಮಾತ್ರ ಇದ್ದೀನಿ? ಅರ್ಥ ಕೆಟ್ಟಿತು. ‘ಐ ಆಮ್ ರೈಟ್ ಹಿಯರ್’ ಅನ್ನಿ. ‘ಈಗಲೇ’ ಅನ್ನೋಕೆ ‘ರೈಟ್ ನೌ’.

‘ನಾನೇ ಅವನಿಗೆ ಹೇಳಿದೆ.’ ಇದನ್ನ ‘ಐ ಓನ್ಲಿ ಟೋಲ್ಡ್ ಹಿಮ್’ ಅಂದರೆ, ‘ಹೇಳಿದ್ದಷ್ಟೇ, ಮತ್ತೇನೂ ಮಾಡಲಿಲ್ಲ’ ಅಂತ ಕೈತೊಳೆದುಕೊಂಡ ಹಾಗೆ ಕೇಳುತ್ತೆ. ‘ಐ ಟೋಲ್ಡ್ ಹಿಮ್ ಮೈಸೆಲ್ಫ್’ ಸರಿ. ಹೇಳಿದ್ದು ಇನ್ಯಾರೋ ಅಲ್ಲ ಅನ್ನಬೇಕಾದರೆ ‘ಐ ವಾಸ್ ದ ವನ್ ಹೂ ಟೋಲ್ಡ್ ಹಿಮ್’. ನೋಡಿ, ನಮ್ಮ ಒಂದು ‘ಏ’ಗೆ ಅವರಿಗೆ ಒಂದಿಡೀ ವಾಕ್ಯ ಕಟ್ಟಬೇಕಾಗುತ್ತೆ.

ಇನ್ನು ನನ್ನ ಆ ಮೇಲ್. ‘ಐ ಆಲ್ರೆಡಿ ಸೆಂಟ್ ಇಟ್ ಯೆಸ್ಟರ್ಡೇ’ ಅಂತ ಬರೆದಿದ್ದರೆ ಸಾಕಿತ್ತು.

(ಪರದೆಯ ಮೇಲೆ: ಗೀತಾ ಕಾಲ್ಡ್ ಮಿ ಆನ್ ಸಂಡೇ)

‘ಓನ್ಲಿ’ ಬೇಕೇಬೇಕು ಅನ್ನುವ ಕಡೆ ಅದನ್ನ ಎಲ್ಲಿ ಇಡೋದು? ಯಾವ ಪದಕ್ಕೆ ಬೇಲಿ ಹಾಕಬೇಕೋ ಅದರ ಮುಂಚೆ. ನಮ್ಮ ‘ಮಾತ್ರ’ ಆ ಪದ ಆದಮೇಲೆ ಬರುತ್ತೆ, ಅವರ ‘ಓನ್ಲಿ’ ಅದಕ್ಕಿಂತ ಮುಂಚೆ ಬರುತ್ತೆ. ‘ಓನ್ಲಿ ಗೀತಾ ಕಾಲ್ಡ್ ಮಿ’ ಅಂದರೆ ಗೀತಾ ಮಾತ್ರ ಫೋನ್ ಮಾಡಿದಳು, ಮಿಕ್ಕವರು ಮಾಡಲಿಲ್ಲ. ‘ಗೀತಾ ಕಾಲ್ಡ್ ಓನ್ಲಿ ಮಿ’ ಅಂದರೆ ನನಗೆ ಮಾತ್ರ ಮಾಡಿದಳು. ‘ಓನ್ಲಿ ಆನ್ ಸಂಡೇ’ ಅಂದರೆ ಭಾನುವಾರ ಮಾತ್ರ. ಹಾಗಂತ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟು ಇಲ್ಲ. ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಅಂತ ಕ್ರಿಯಾಪದಕ್ಕಿಂತ ಮುಂಚೆ ಇಟ್ಟು ಹೇಳೋದು ಇಂಗ್ಲಿಷರಿಗೂ ರೂಢಿ. ಅದು ತಪ್ಪು ಅಂತ ತಿದ್ದುವವರ ಮಾತಿಗೆ ಹೆದರಬೇಡಿ. ಬರೆಯುವಾಗ, ಅದರಲ್ಲೂ ಕರಾರು ಪತ್ರ, ಅರ್ಜಿಗಳಲ್ಲಿ, ಜಾಗ ನೋಡಿ ಇಡಿ.

ಕೊನೆಯಲ್ಲಿ ‘ಓನ್ಲಿ’ ಬರಲೇಬಾರದಾ ಅಂತ ಕೇಳಬಹುದು. ಬರುತ್ತೆ. ಬಾಗಿಲ ಮೇಲೆ ‘ಸ್ಟಾಫ್ ಓನ್ಲಿ’ ಅಂತ ಬರೆದಿರ್ತಾರೆ. ಚೆಕ್ಕಿನಲ್ಲಿ ‘ಫೈವ್ ಥೌಸಂಡ್ ಓನ್ಲಿ’ ಅಂತ ಬರೀತೀವಿ, ಕನ್ನಡದಲ್ಲಾದರೆ ‘ಐದು ಸಾವಿರ ರೂಪಾಯಿ ಮಾತ್ರ’. ಮೊತ್ತದ ಕೊನೆಗೆ ಇನ್ನೊಂದು ಪದ ಯಾರೂ ಸೇರಿಸದಂತೆ ಅಲ್ಲಿ ಆ ಪದ ಬಾಗಿಲು ಹಾಕುತ್ತೆ.

(ಪರದೆಯ ಮೇಲೆ, ಐದು ಸೆಕೆಂಡ್: ಫೀಸ್ ಕಟ್ಟೋಕೆ ಇವತ್ತೇ ಕೊನೇ ದಿನ)

ಇದನ್ನ ಇಂಗ್ಲಿಷಿನಲ್ಲಿ ಹೇಳಿ. ವಿಡಿಯೋ ನಿಲ್ಲಿಸಿ, ಬಾಯಿಬಿಟ್ಟು ಹೇಳಿ.

(ಪರದೆಯ ಮೇಲೆ: ಟುಡೇ ಈಸ್ ದ ಲಾಸ್ಟ್ ಡೇ ಟು ಪೇ ದ ಫೀಸ್)

‘ಟುಡೇ’ ಅನ್ನುವಾಗ ದನಿ ಸ್ವಲ್ಪ ಏರಿಸಿ. ನಮ್ಮ ‘ಏ’ ಅಲ್ಲಿದೆ.